ಮನೆಯದೇ ಉದಾಹರಣೆ

ನಾಳೆ ಬಿ.ಎ. ಕೊನೆಯ ಪರೀಕ್ಷೆ, ಸಮಾಜಶಾಸ್ತ್ರ. "ಹಜಾರದಲ್ಲಿ ನೆಂಟರಿದಾರೆ. ನಾನು ಕರೆಯೋ ತನಕ ಕೋಣೆಯಿಂದ ಆಚೆ ಬರಬೇಡ, ಓದ್ಕೋ" ಎಂದು ಅಮ್ಮ ಬಾಗಿಲು ಎಳೆದುಕೊಂಡು ಹೋಗಿದ್ದಳು.

ಪಾಠ ಒಪ್ಪಿಸಿಕೊಳ್ಳಲು ಎದುರಿಗೆ ಮಾವ ಕೂತಿದ್ದ. ಅಮ್ಮನ ಕಿರಿಯ ತಮ್ಮ, ಹೈಸ್ಕೂಲು ಮೇಷ್ಟ್ರು. ಅವನ ಪದ್ಧತಿ ಯಾವಾಗಲೂ ಒಂದೇ: ಪುಸ್ತಕ ಮುಚ್ಚಬೇಕು, ಸ್ವಂತ ಮಾತಲ್ಲಿ ಹೇಳಬೇಕು, ಕೊನೆಗೆ ನಮ್ಮ ಮನೆಯದೇ ಒಂದು ಉದಾಹರಣೆ ಕೊಡಬೇಕು. ಹಾಗೆ ಓದಿಯೇ ನಾನು ಹಿಂದಿನ ಎರಡು ವರ್ಷವೂ ಕಾಲೇಜಿಗೇ ಮೊದಲಿಗಳಾಗಿದ್ದೆ.

"ಅವಿಭಕ್ತ ಕುಟುಂಬ?"

ಹೇಳಿದೆ. ಉದಾಹರಣೆಗೆ ಅಜ್ಜಿ ಮನೆ.

"ಸಂಬಂಧದೊಳಗೇ ಮದುವೆ ಯಾಕೆ ಮಾಡ್ತಾರೆ?"

"ಆಸ್ತಿ ಹೊರಗೆ ಹೋಗಲ್ಲ. ಹುಡುಗಿ ಗೊತ್ತಿರೋ ಮನೆಗೇ ಹೋಗ್ತಾಳೆ."

"ಹುಡುಗಿಯ ಒಪ್ಪಿಗೆ?"

"ಅದು ಪುಸ್ತಕದಲ್ಲಿಲ್ಲ ಮಾವ."

ಅವನು ತಲೆ ಎತ್ತಲಿಲ್ಲ. ಹಜಾರದಲ್ಲಿ ಯಾರೋ ಜೋರಾಗಿ ನಕ್ಕರು.

"ಇದಕ್ಕೆ ಉದಾಹರಣೆನೇ ಕೇಳ್ಲಿಲ್ವಲ್ಲ ನೀನು?"

"ಇದಕ್ಕೆ ಬೇಡ ಬಿಡು. ಮುಂದಿನ ಪಾಠ ತೆಗಿ."

"ಹೌದು, ನಮ್ಮನೇಲಿ ಯಾರೂ ಹಾಗೆ ಮಾಡ್ಕೊಂಡಿಲ್ಲ. ಮಾವ, ನನ್ನ ಎಂ.ಎ. ಅರ್ಜಿ ನಾಡಿದ್ದು ತಂದ್ಕೊಡ್ತೀಯ ತಾನೆ?"

ಅವನು ಪುಸ್ತಕದ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕೂತಿದ್ದ.

ಬಾಗಿಲು ತೆರೆಯಿತು. ನಿನ್ನೆಯವರೆಗೂ ತಮ್ಮನನ್ನು "ಲೋ" ಎಂದೇ ಕರೆಯುತ್ತಿದ್ದ ಅಮ್ಮ, ಹೊದ್ದ ಸೆರಗನ್ನು ಸರಿಮಾಡಿಕೊಂಡು, ಬೆಳ್ಳಿ ಲೋಟ ಹಿಡಿದು ಹೊಸ್ತಿಲಾಚೆಯೇ ನಿಂತಳು.

"ಅಳಿಯಂದ್ರೇ, ಕಾಫಿ ತಗೊಳ್ಳಿ."