ರಸಮಟ್ಟ

"ಯಾರಾದ್ರೂ ಕೇಳಿದ್ರೆ ಇದನ್ನ ಕೊಟ್ಬಿಡಿ ಮಾಮ. ನುಡಿಸೋ ಕೈಗೆ ಸೇರಲಿ," ಎಂದು ಅವಳು ಎಲೆಕ್ಟ್ರಿಕ್ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದಳು.

ಪಕ್ಕದಲ್ಲಿದ್ದ ಗಂಡ ಬಾಯಿ ತೆರೆದವನು ಮುಚ್ಚಲಿಲ್ಲ. ಮನೆಯಿಂದ ಹೊರಡುವಾಗ ಅವಳು ಹೇಳಿದ್ದು ತಂತಿ ಬದಲಾಯಿಸಬೇಕು ಅಂತ ಅಷ್ಟೆ. ವಾದ್ಯ ರಿಪೇರಿ ಮಾಡುವ ಮುದುಕರೂ ಕನ್ನಡಕ ಹಣೆಗೇರಿಸಿ ಅವಳನ್ನೇ ನೋಡಿದರು. ಊರೆಲ್ಲ ಅವರನ್ನು ತಂತಿಮಾಮ ಅಂತಲೇ ಕರೆಯುವುದು. ಮದುವೆಗೆ ಮುಂಚೆ ಅವಳು ಈ ಗಿಟಾರು ಕೊಂಡಿದ್ದು ಅವರ ಕೈಯಿಂದಲೇ, ಶನಿವಾರದ ಸಂಜೆ ಅವಳ ತಂಡ ನುಡಿಸಿದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವವರೂ ಅವರೇ.

"ಯಾಕಮ್ಮ, ಬೇಜಾರು ಬಂತಾ?"

"ಬೇಜಾರಲ್ಲ ಮಾಮ, ಕೈ ಹೋಗ್ತಿದೆ." ಅವಳು ಎಡಗೈ ಚಾಚಿ ತೋರಿಸಿದಳು. "ಆ ತುದಿ ಈ ತುದಿ ತಂತಿ ಒತ್ತೋಕೆ ಬೆರಳಲ್ಲಿ ಶಕ್ತಿನೇ ಸಾಲಲ್ಲ. ನಡುವಿನದು ಒತ್ತಿದ್ರೆ ಬರ್ ಅನ್ನುತ್ತೆ, ಸ್ವರ ನಿಲ್ಲಲ್ಲ. ನಮ್ಮಮ್ಮನಿಗೂ ಶುರುವಾಗಿದ್ದು ಹೀಗೇ. ಬಟ್ಟೆ ಹೊಲೀತಿದ್ರು. ಮೊದಲು ಸೂಜಿ ಜಾರ್ತು, ಆಮೇಲೆ ಗುಂಡಿ, ಕೊನೆಗೆ ಊಟದ ಚಮಚ. ನಂಗೂ ಈಗ ಅದೇ ವಯಸ್ಸು."

"ನಂಗೆ ಒಂದು ಮಾತು ಹೇಳ್ಲಿಲ್ವಲ್ಲೇ," ಎಂದ ಗಂಡ.

"ನಿಮಗೆ ಹೇಳಿ ಏನು? ಈಗೀಗ ಡಬ್ಬಿ ಮುಚ್ಚಳ ಬಿಗಿ ಮಾಡೋದೂ ಮರೀತಿದೀರಾ. ಬೆಳಿಗ್ಗೆ ಸಕ್ಕರೆ ಡಬ್ಬಿ ಎತ್ತಿದ್ರೆ ಬರೀ ಮುಚ್ಚಳ ಕೈಗೆ ಬಂತು, ಸಕ್ಕರೆಯೆಲ್ಲ ನೆಲದ ಪಾಲು." ಅವನು ಗೋಡೆಗೆ ನೇತುಹಾಕಿದ್ದ ಪಿಟೀಲುಗಳ ಕಡೆ ತಿರುಗಿದ.

"ಗಿಟಾರೇ ಕೆಟ್ಟಿದೆಯೋ ಏನೋ. ತಂದು ತೋರಿಸಬಾರದಿತ್ತಾ?" ಎಂದರು ತಂತಿಮಾಮ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮಾತು ಯಾಕೆ ಕೇಳಿಸಿಕೊಳ್ಳಲಿ ಅಂತ ಸುಮ್ಮನಿದ್ದೆ."

ತಂತಿಮಾಮ ಡ್ರಾಯರಿನಿಂದ ಬಿಲ್ಲಿನಂತೆ ಬಾಗಿದ ಒಂದು ತಗಡು ತೆಗೆದರು. ಗಿಟಾರಿನ ಕತ್ತಿನ ಹಲಗೆ ನೋಡುವುದಕ್ಕೆ ಚಪ್ಪಟೆ, ಆದರೆ ಅದು ಒಳ್ಳೆ ರಸ್ತೆಯ ಹಾಗೆ ನಡುವೆ ಕೊಂಚ ಉಬ್ಬಿ ಎರಡೂ ಬದಿಗೆ ಇಳಿದಿರುತ್ತದೆ. ಆರು ತಂತಿಗಳೂ ಅದೇ ಉಬ್ಬನ್ನು ಹಿಡಿದು ಸಾಗಬೇಕು. ಅದಕ್ಕೆಂದೇ ಕೆಳಗಿನ ಬ್ರಿಜ್ಜಿನಲ್ಲಿ ಪ್ರತಿ ತಂತಿಗೂ ಒಂದೊಂದು ಪುಟ್ಟ ಲೋಹದ ಆಸರೆ, ಅದನ್ನು ಏರಿಸಿ ಇಳಿಸಲು ತಿರುಪು. ಅದೇ ಉಬ್ಬಿಗೆ ಬಾಗಿಸಿದ್ದ ತಗಡನ್ನು ತಂತಿಗಳ ಕೆಳಗೆ ಸರಿಸಿ ನೋಡಿದರೆ ನಡುವಿನ ಎರಡು ತಂತಿ ಮಾತ್ರ ತಗಡಿಗೆ ತಾಗಿದ್ದವು. ಉಳಿದವು ಮೇಲೆ ತೇಲುತ್ತಿದ್ದವು.

"ಇದನ್ನ ಯಾರು ಮುಟ್ಟಿದ್ದು?"

"ಯಾರೂ ಇಲ್ಲ ಮಾಮ."

ಗಂಡ ಕೆಮ್ಮಿದ. "ನಾನೇ. ಇವಳು ಅಕ್ಕನ ಮನೆಗೆ ಹೋಗಿದ್ದಾಗ ಧೂಳು ಒರೆಸ್ತಿದ್ದೆ. ನೋಡಿದ್ರೆ ಆರೂ ಒಂದೊಂದು ಎತ್ತರಕ್ಕೆ ಕೂತಿದ್ವು. ಯಾರೋ ಅಡ್ಡಾದಿಡ್ಡಿ ಕೂರಿಸಿದಾರೆ ಅಂತ..."

ಅವನ ಕಸುಬು ನೆಲಕ್ಕೆ ಟೈಲ್ಸ್ ಹಾಕುವುದು. ಕೂದಲೆಳೆಯಷ್ಟು ಏರುಪೇರು ಕಂಡರೂ ಊಟ ಗಂಟಲಲ್ಲಿ ಇಳಿಯದು. ನೆಂಟರ ಮನೆಗೆ ಹೋದರೆ ಗೋಡೆಯ ಫೋಟೊ ನೆಟ್ಟಗೆ ಮಾಡಿ ಆಮೇಲೆ ಕೂರುವ ಪ್ರಾಣಿ. ಈಗಲೂ ಅಂಗಿ ಜೇಬಿನಿಂದ ಪುಟ್ಟ ರಸಮಟ್ಟವೊಂದು ಇಣುಕುತ್ತಿತ್ತು, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವಂಥದ್ದು. "ಇದನ್ನಿಟ್ಟು ಲೆವೆಲ್ ಮಾಡ್ದೆ. ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು," ಎಂದ. ಸುಳ್ಳೇಕೆ, ದನಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು.

"ಬಚ್ಚಲಮನೆ ನೆಲಾನೂ ಹೀಗೇ ಮಟ್ಟಸವಾಗಿ ಹಾಕ್ತೀಯೇನಪ್ಪ?"

"ಅಯ್ಯೋ, ಅದು ಹೇಗಾಗುತ್ತೆ? ನೀರು ಹರಿಯೋಕೆ ವಾಟ ಕೊಡ್ಲೇಬೇಕಲ್ಲ."

"ಇದಕ್ಕೂ ವಾಟ ಬೇಕು ಮಹರಾಯ. ಸ್ವರ ಹರಿಯೋಕೆ."

ತಂತಿಮಾಮ ತಂತಿ ಸಡಿಲಿಸಿ, ಪುಟ್ಟ ಕೀಲಿ ತೂರಿಸಿ, ಅಂಚಿನ ಆಸರೆಗಳನ್ನು ಇಳಿಸಿದರು, ನಡುವಿನವನ್ನು ಏರಿಸಿದರು. ಒಂದೊಂದು ತಿರುವಿಗೂ ತಗಡಿಟ್ಟು ನೋಡಿದರು. ಗಂಡ ಅವರ ಭುಜದ ಮೇಲಿಂದ ಬಗ್ಗಿ, ತಾನು ನೆಟ್ಟಗೆ ಮಾಡಿದ್ದೆಲ್ಲ ಮತ್ತೆ ಡೊಂಕಾಗುವುದನ್ನು ನೋಡಿದ. ಕೊನೆಗೆ ಆರೂ ತಂತಿ ತಗಡನ್ನು ಒಟ್ಟಿಗೆ ಸವರಿದವು. ತಂತಿಮಾಮ ಶ್ರುತಿ ಮಾಡಿ, ವೈರು ಸಿಕ್ಕಿಸಿ, ಗಿಟಾರನ್ನು ಅವಳ ತೊಡೆಯ ಮೇಲಿಟ್ಟರು. "ನುಡಿಸಮ್ಮ."

ಅವಳ ಬೆರಳು ತಂತಿಯ ಹತ್ತಿರ ಹೋಗಿ ಹಿಂದೆ ಬಂತು. ಇಷ್ಟಾದ ಮೇಲೂ ಆಗದಿದ್ದರೆ ಆಮೇಲೆ ದೂರಲು ಏನೂ ಉಳಿಯುವುದಿಲ್ಲ. ಕಣ್ಣು ಮುಚ್ಚಿ, ತೋರುಬೆರಳನ್ನು ಆರೂ ತಂತಿಗೆ ಅಡ್ಡ ಒತ್ತಿ, ಬಲಗೈಯಿಂದ ಮೀಟಿದಳು. ಆರೂ ಸ್ವರ ಸ್ವಚ್ಛವಾಗಿ ಬಂದವು. ಬರ್ ಅನ್ನಲಿಲ್ಲ, ಬೆರಳು ನೋಯಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ ಮೀಟಿದಳು, ಆಮೇಲೆ ನಿಲ್ಲಿಸಲೇ ಇಲ್ಲ. ಹೋದ ಜೀವ ಬಂದಂತಾಗಿ ನಗುತ್ತ ಅಳುತ್ತ ನುಡಿಸಿದಳು. ಗಂಡನ ಮೇಲೆ ಸಿಟ್ಟು ಮಾಡಬೇಕೆಂದಿದ್ದಳು, ಆದರೆ ಆ ಹೊತ್ತಿಗೆ ಸಿಟ್ಟು ಎಲ್ಲಿ ಹುಡುಕಿದರೂ ಸಿಗಲಿಲ್ಲ.

"ಕೈ ಚೆನ್ನಾಗೇ ಇದೆ ಮಾಮ," ಎಂದಳು. "ಇದನ್ನ ಯಾರಿಗೂ ಕೊಡಬೇಡಿ."

ಗಂಡ ಸ್ಟೂಲಿನ ಮೇಲೆ ಧೊಪ್ಪನೆ ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡ. ಆಮೇಲೆ ಅವಳ ಎಡಗೈ ಹಿಡಿದು ಒಂದೊಂದೇ ಬೆರಳು ಮುಟ್ಟಿ ನೋಡಿದ.

"ನೀನು ನುಡಿಸಿ ಎದ್ದ ಮೇಲೆ ಬೆರಳು ಹಿಸುಕಿಕೊಳ್ಳೋದನ್ನ ದಿನಾ ನೋಡ್ತಿದ್ದೆ," ಎಂದ. "ಹಾಗಾದ್ರೆ ನಾಳೆಯಿಂದ ಡಬ್ಬಿ ಮುಚ್ಚಳ ಬಿಗಿಯಾಗೇ ಹಾಕ್ಲಾ?"