ಒಂದೇ ಒಂದು ತೂತು

ಏಸಿ ಕೂರಿಸಲು ಬಂದವನು ಡ್ರಿಲ್ಲಿನ ಮೂತಿಯನ್ನು ಗೋಡೆಗೆ ಇಟ್ಟಿದ್ದೇ ತಡ, ಮನೆಯ ಯಜಮಾನರು ಹೋಗಿ ಆ ಗೋಡೆಗೇ ಬೆನ್ನು ಕೊಟ್ಟು ನಿಂತುಬಿಟ್ಟರು. ಮೊದಲು ನನಗೆ ತೂತು ಹಾಕು, ಆಮೇಲೆ ಗೋಡೆಗೆ ಎಂದರು. ಮಗ ಟೈರ್ ಅಂಗಡಿಯ ಕೆಲಸ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದ, ಅಂಗೈಯ ಮಸಿ ಕೂಡ ತೊಳೆದಿರಲಿಲ್ಲ. ತಲೆ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕುಳಿತ.

ಯಜಮಾನರು ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಿಯಾಗಿ ಕೂದಲು ಹಣ್ಣು ಮಾಡಿಕೊಂಡವರು. ಮನೆ ಕಟ್ಟಿಸುವಾಗ ಅದನ್ನೂ ಆಲೂಗಡ್ಡೆ ಗೋದಾಮಿನ ಹಾಗೇ ಕಟ್ಟಿಸಿದರು. ಗೋಡೆಯ ಹೊಟ್ಟೆಯಲ್ಲಿ ಗೇಣು ದಪ್ಪ ಥರ್ಮಾಕೋಲ್, ಸೂರಿಗೂ ಅದೇ, ಕಿಟಕಿಗೆ ಜೋಡಿ ಗಾಜು, ಬಾಗಿಲ ಸುತ್ತ ರಬ್ಬರು. ಈ ಮನೆಗೆ ಫ್ಯಾನ್ ಕೂಡ ದಂಡ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಹೊರಗಿನ ಬಿಸಿಲು ಒಳಗೆ ಬರುತ್ತಿರಲಿಲ್ಲ, ಸುಳ್ಳೇಕೆ ಹೇಳಬೇಕು. ಆದರೆ ಒಲೆಯ ಬಿಸಿ, ಫ್ರಿಜ್ಜಿನ ಬಿಸಿ, ನಾಲ್ಕು ಜೀವಗಳ ಮೈಬಿಸಿ ಹೊರಗೆ ಹೋಗುವುದಾದರೂ ಎಲ್ಲಿಂದ? ಹಗಲೂ ಇರುಳೂ ಎಲ್ಲ ಬಂದ್. ಫ್ಲಾಸ್ಕಿನಲ್ಲಿ ಕೂತು ತಣ್ಣಗಾಗುತ್ತೇನೆ ಅಂದರೆ ಆಗುತ್ತದೆಯೇ?

ಹೋದ ವಾರ ಮಗ ಕೂಲರ್ ತಂದಿದ್ದ. ತೆರೆದ ಕಿಟಕಿಯ ಬಾಯಿಗೆ ಇಡಿ ಎಂದು ಅಂಗಡಿಯವನು ಬಡಕೊಂಡು ಕಳಿಸಿದ್ದ. ಯಜಮಾನರು ಕಿಟಕಿ ಮುಟ್ಟಲು ಬಿಡದೆ ನಡುಮನೆಯಲ್ಲೇ ಇಡಿಸಿದರು. ಮರುದಿನದೊಳಗೆ ಹಾಸಿಗೆ ಒದ್ದೆ, ಗೋಡೆ ಒದ್ದೆ, ಬೆಂಕಿಪೊಟ್ಟಣ ಒದ್ದೆ. ಹಸುಗೂಸಿನ ಕತ್ತು ಬೆನ್ನಿಗೆಲ್ಲ ಬೆವರುಸಾಲೆ ಎದ್ದು, ಅದು ಅತ್ತೂ ಅತ್ತೂ ದನಿ ಕಳಕೊಂಡಿತು. ಇವತ್ತು ಸಂಜೆಯೊಳಗೆ ಮನೆ ತಣ್ಣಗಾಗದಿದ್ದರೆ ಮಗುವನ್ನೆತ್ತಿಕೊಂಡು ತವರಿಗೆ ಹೊರಟೆ ಎಂದು ಸೊಸೆ ಬೆಳಗ್ಗೆಯೇ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಳು.

"ಅಪ್ಪಾ, ಪಕ್ಕಕ್ಕೆ ಸರಿ. ಪೈಪು ಹೋಗೋಕೆ ಒಂದೇ ಒಂದು ತೂತು."

"ಒಂದು ತೂತು ಬಿದ್ರೆ ಅದು ಗೋಡೆಯಲ್ಲ ಕಣೋ, ಜರಡಿ."

ಗೋಡೆ ದಾಟಿ ಹೋಗೋಕೆ ಪೈಪೇನು ದೆವ್ವವಾ ಯಜಮಾನ್ರೇ ಎಂದು ಏಸಿಯವನು ನಕ್ಕ. ನಿನ್ನ ಗೋದಾಮಿಗೂ ಮಷಿನ್ನಿನ ಪೈಪು ತೂತಿನಿಂದಲೇ ತಾನೇ ಬಂದಿದ್ದು ಎಂದು ಮಗ ಕೇಳಿದ. ಅದು ಕಟ್ಟುವಾಗಲೇ ಬಿಟ್ಟ ದಾರಿ, ಕಟ್ಟಿದ ಮೇಲೆ ಕೊರೆದರೆ ಗಾಯ ಎಂದರು ಯಜಮಾನರು. ಹಾಗಾದರೆ ಕಟ್ಟುವಾಗಲೇ ಯಾಕೆ ಬಿಡಲಿಲ್ಲ ಎಂದದ್ದಕ್ಕೆ, ಮಷಿನ್ನು ಬೇಕಾಗುವಂಥ ಮನೆಯನ್ನು ನಾನು ಕಟ್ಟಿಲ್ಲ ಎಂದು ಎದೆ ಸೆಟೆಸಿದರು. ಆ ಎದೆಯಿಂದ ಬೆವರು ಹರಿದು ಬನಿಯನ್ನು ಮೈಗಂಟಿತ್ತು.

ಒಳಗಿನಿಂದ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಹಗಲು ಮುಚ್ಚಿಡಿ, ಹೊತ್ತಿಳಿದ ಮೇಲೆ ಎಲ್ಲ ಕಿಟಕಿ ತೆಗೆದುಬಿಡಿ, ಅಷ್ಟು ಸಾಕು ಎಂದು ಅವಳು ಬೇಸಗೆ ಶುರುವಾದಾಗಿನಿಂದ ಹೇಳುತ್ತಿದ್ದಳು, ಈಗಲೂ ಅದನ್ನೇ ಹೇಳಿದಳು. ಗಂಡನಿಗೆ ಅದು ಏಸಿ ತರಲಾಗದವರ ಉಪಾಯ. ಮಾವನಿಗೆ ಮಹಾಪಾಪ.

"ಬಾಗಿಲು ತೆಗೆದಿಟ್ರೆ ಮಾಲು ಕೆಡುತ್ತಮ್ಮ. ನಿನಗೆ ಗೊತ್ತಾಗಲ್ಲ."

ಸೊಸೆ ಮಗುವಿನ ಅಂಗಿ ಎತ್ತಿ, ಕೆಂಪಗೆ ದದ್ದರಿಸಿದ ಬೆನ್ನನ್ನು ಮಾವನ ಮುಖಕ್ಕೆ ಹಿಡಿದಳು.

"ಮಾಲು ಕೆಟ್ಟಾಗಿದೆ ಮಾವ. ನೋಡಿ."

ಚೀಲ ಎತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಏಸಿಯವನು, ಅಪ್ಪ ಮಗ ಒಂದು ಮಾತಿಗೆ ಬಂದಾಗ ಫೋನ್ ಮಾಡಿ ಎಂದು ಡ್ರಿಲ್ಲು ಸುತ್ತಿಕೊಂಡು ನಡೆದ. ಅವನ ಹಿಂದೆಯೇ ಮಗನೂ ಹೊರಬಿದ್ದು ಹೆಂಡತಿಯ ಪಕ್ಕ ಕುಳಿತ.

ಬಿಸಿಲು ಬಾಡಿತ್ತು. ಬೀದಿಯ ಕೊನೆಯಿಂದ ಗಾಳಿ ಎದ್ದು ಬಂತು. ಮೆಟ್ಟಿಲ ಮೇಲೆ ಮಗು ಒಮ್ಮೆ ಬಿಕ್ಕಿ, ಅಮ್ಮನ ಸೆರಗು ಹಿಡಿದುಕೊಂಡೇ ನಿದ್ದೆಹೋಯಿತು. ಎಷ್ಟು ದಿನದ ಮೇಲೋ. ಗಂಡ ಹೆಂಡಿರು ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತ ಕುಳಿತರು.

ಹಿಂದೆ ಚಪ್ಪಲಿ ಸದ್ದಾಯಿತು. ಯಜಮಾನರು ಹೊಸ್ತಿಲು ದಾಟಿ ಬಂದು, ಬನಿಯನ್ನು ಎದೆಯವರೆಗೆ ಎತ್ತಿ ಗಾಳಿಗೆ ಹೊಟ್ಟೆ ಕೊಟ್ಟು ನಿಂತರು. ಮಲಗಿದ ಮೊಮ್ಮಗುವನ್ನು ನೋಡಿದರು. "ಗಾಳಿ ತಂಪಾಗಿದೆ ಕಣಮ್ಮ" ಎಂದರು, ಮೆತ್ತಗೆ. ಸೊಸೆ ಮೊದಲ ಸಲ ತೋಳಿಗೆ ಸಿಕ್ಕಿಸಿಕೊಂಡಿದ್ದ ಚೀಲವನ್ನು ಕೆಳಗಿಟ್ಟಳು.

ಯಜಮಾನರು ಹಿಂದೆ ತಿರುಗಿದರು. ಬಾಗಿಲು ಹಾರು ಹೊಡೆದಿತ್ತು. ಛೆ ಎಂದು ಅದನ್ನು ಎಳೆದು, ರಬ್ಬರು ಫುಸ್ಸೆಂದು ಕಚ್ಚಿಕೊಳ್ಳುವವರೆಗೆ ಹೆಗಲು ಕೊಟ್ಟು ಒತ್ತಿದರು. ಒತ್ತಿ, ಎಲ್ಲಾದರೂ ಸಂದಿಯಿದೆಯೇ ಎಂದು ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿದರು.

ಸೊಸೆ ಚೀಲವನ್ನು ಎತ್ತಿಕೊಂಡಳು.