ಉಗುರಿನಷ್ಟು ಜರಡಿ

ಎಂಜಿನ್ ಕೆಡಿಸಿದನೆಂದು ಮುನಿಆಂಜಿನಪ್ಪನನ್ನು ಕೆಲಸದಿಂದ ನಿಲ್ಲಿಸಿದರು. ಹನ್ನೊಂದು ವರ್ಷ ಕಂಪನಿಯ ಕಾರು ಓಡಿಸಿದವನು. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಎಷ್ಟು ತುಳಿದರೂ ಕಾರು ಎಳೆಯುತ್ತಿರಲಿಲ್ಲ. ಒರಟು ಚಾಲನೆಯೇ ಕಾರಣ ಎಂದು ಬರೆದರು.

ಆರನೆಯ ದಿನ ಸೂಪರ್‌ವೈಸರ್ ಸೋಮನಾಥ ಅವನನ್ನು ಗಂಗಾನಗರದ ಗ್ಯಾರೇಜಿಗೆ ಕರೆಸಿದ. ಕೈಯಲ್ಲಿ ಟೈಪು ಮಾಡಿದ ಕಾಗದವಿತ್ತು. "ತಪ್ಪು ನಂದೇ ಅಂತ ಒಂದು ಸೈನ್ ಹಾಕು, ಆಂಜಿನಪ್ಪ. ಸೋಮವಾರದಿಂದ ಡ್ಯೂಟಿಗೆ ಬಾ. ಮೇಲಿನವರ ಹತ್ರ ಮಾತಾಡಿದೀನಿ."

ಮುನಿಆಂಜಿನಪ್ಪ ಪೆನ್ನು ತೆಗೆದುಕೊಂಡ. ಕಣ್ಣು ಮಾತ್ರ ತೆರೆದ ಬಾನೆಟ್ಟಿನ ಮೇಲಿತ್ತು. ಮೆಕ್ಯಾನಿಕ್ ಶಿವಲಿಂಗವ್ವ ಎಂಜಿನ್ನಿನ ಬದಿಯಿಂದ ಉಗುರಿನಷ್ಟು ಜರಡಿಯೊಂದನ್ನು ತೆಗೆದು ಬೆಳಕಿಗೆ ಹಿಡಿದಳು. ಬೆಳಕು ಆಚೆ ಹಾಯಲಿಲ್ಲ.

"ಏನವ್ವಾ ಅದು?"

"ಬರ್ರಿ ಕಾಕಾ, ತೋರಿಸ್ತೀನಿ." ಮುಚ್ಚಳ ಬಿಚ್ಚಿದ ಎಂಜಿನ್ನಿನೊಳಕ್ಕೆ ಟಾರ್ಚು ಬಿಟ್ಟಳು. "ಈ ಉದ್ದನ್ನ ಶಾಫ್ಟಿನ ಮ್ಯಾಲೆ ಉಬ್ಬು ಅದಾವಲ್ರಿ? ಒಂದು ಗಿಡ್ಡ, ಒಂದು ಎತ್ತರ. ನಿಧಾನ ಹೊಂಟಾಗ ಗಿಡ್ಡ ಉಬ್ಬು ವಾಲ್ವ್ ತೆರೀತೈತಿ, ಒಳಗ ಗಾಳಿ ಸ್ವಲ್ಪ. ಜೋರು ಹೊಡದಾಗ ಎಣ್ಣಿ ನುಗ್ಗಿ ಒಂದು ಪಿನ್ ದೂಡತೈತಿ. ಆಗ ಎತ್ತರದ್ದು ಕೆಲಸಕ್ಕ ಏಳತೈತಿ. ವಾಲ್ವ್ ಇನ್ನೂ ಆಳಕ್ಕ ತೆರೀತೈತಿ, ಇನ್ನೂ ಹೊತ್ತು ತೆರದಿರತೈತಿ. ಗಾಳಿ ಜಾಸ್ತಿ, ಗಾಡಿಗೆ ಎಳೆತ ಜಾಸ್ತಿ."

"ಅಯ್ಯೋ, ಅದ್ಕೇನಾ! ಆರ್‌ಪಿಎಂ ಮುಳ್ಳು ನಾಲ್ಕೂವರೆ ಸಾವಿರ ದಾಟ್ತಿದ್ದಂಗೆ ಗಾಡಿ ದನಿ ಬದಲಾಗೋದು. ಇಷ್ಟು ವರ್ಸ ಕೇಳ್ದೆ, ಒಳಗೆ ಇಂಗೆ ನಡೀತದೆ ಅಂತ ಗೊತ್ತಿರಲಿಲ್ಲ ನೋಡು."

"ಎಣ್ಣಿ ಹೋಗೂ ದಾರಿಯೊಳಗ ಈ ಜರಡಿ ಐತಿ. ಇದು ಕಟ್ಟಿದ್ರ ಮುಗೀತು, ಎತ್ತರದ್ದು ಏಳಂಗಿಲ್ಲ, ಗಾಡಿ ಏರು ಎಳ್ಯಂಗಿಲ್ಲ. ಎಣ್ಣಿ ಯಾವಾಗ ಬದಲಿ ಮಾಡಿದ್ರಿ?"

"ಕಂಪನಿ ಯಾರ್ಡಲ್ಲಿ ಬದಲಿ ಮಾಡೋದೆಲ್ಲಿ ಬಂತವ್ವ? ಕಮ್ಮಿ ಆದಂಗೆ ವ್ಯಾನ್‌ಗಳ ಮಂದ ಎಣ್ಣೆ ಡ್ರಮ್ಮಿಂದ ಉಯ್ತಾರೆ. ಬ್ಯಾಡ ಅಂತ ಈ ಸಾರ್‌ಗೇ ಎರಡು ಸಲಿ ಯೋಳಿದ್ದೆ."

"ಪಾಠ ಸಾಕು," ಸೋಮನಾಥ ಗಡಿಯಾರ ನೋಡಿದ. "ಸೈನ್ ಹಾಕಯ್ಯಾ, ನಾನು ಯಲಹಂಕಕ್ಕೆ ಹೋಗ್ಬೇಕು."

"ಒಂದು ಸಲಿ ಓಡ್ಸಿ ನೋಡ್ತೀನಿ ಸಾರ್. ಆ ಎತ್ತರದ್ದು ಏಳ್ತದೋ ಇಲ್ವೋ ನಂಗೆ ಗೊತ್ತಾಗ್ಬೇಕು."

ಶಿವಲಿಂಗವ್ವ ಜರಡಿಯ ಗಸಿಯನ್ನು ಬಟ್ಟೆಗೆ ಒರೆಸಿ, ತೊಳೆದು ಕೂರಿಸಿ, ಹಳೆಯ ಎಣ್ಣೆ ಇಳಿಸಿ ಹೊಸದು ತುಂಬಿದಳು. ಮೂವರೂ ಹೊರಟರು. ಫ್ಲೈಓವರಿನ ಏರಿನಲ್ಲಿ ಮುನಿಆಂಜಿನಪ್ಪ ಕಾಲು ಒತ್ತಿದ. ಮುಳ್ಳು ನಾಲ್ಕೂವರೆ ಸಾವಿರ ದಾಟಿತು. ಎಂಜಿನ್ನಿನ ದನಿ ಬದಲಾಯಿತು. ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಹಿಂದಿನ ಸೀಟಿನಲ್ಲಿ ಸೋಮನಾಥ ಬಾಗಿಲ ಮೇಲಿನ ಹಿಡಿಕೆ ಹಿಡಿದು ಕೂತಿದ್ದ.

ಗ್ಯಾರೇಜಿಗೆ ಮರಳಿದ ಮೇಲೆ ಸೋಮನಾಥ ಮತ್ತೆ ಕಾಗದ ತೆಗೆದು ಬಾನೆಟ್ಟಿನ ಮೇಲಿಟ್ಟ. "ಗಾಡಿ ಸರಿಹೋಯ್ತಲ್ಲ, ಇನ್ನೇನು? ನಿನ್ ಕೆಲಸ ನಿಂಗೆ ವಾಪಸ್. ಹಾಕು."

ಮುನಿಆಂಜಿನಪ್ಪ ಪೆನ್ನಿನ ಮುಚ್ಚಳ ಹಾಕಿ ಸೋಮನಾಥನ ಜೇಬಿಗೆ ಸಿಕ್ಕಿಸಿದ. ಗಸಿ ಒರೆಸಿದ ಬಟ್ಟೆಯನ್ನು ತಂದು ಕಾಗದದ ಮೇಲಿಟ್ಟ.

"ನಾನ್ ಹಾಕಕಿಲ್ಲ ಸಾರ್. ಯಾರ್ಡಲ್ಲಿ ಆ ಡ್ರಮ್ಮು ಇನ್ನೂ ಡ್ಯೂಟಿ ಮೇಲೇ ಅದೆ, ಅದರ ಕೈಲಿ ಹಾಕಿಸ್ಕೊಳಿ."